ಗಂಗಾಂಬಿಕೆ ಗುಡಿಸಿದ ಗುಡ್ಡ

ಗಂಗಾಂಬಿಕೆಯ ಮುತ್ತಜ್ಜ ರೇಣುಕಪ್ಪ ಮುಳ್ಳುಕಂಟಿ ಕಡಿದು, ಬಂಡೆ ಉರುಳಿಸಿ, ಗುಡ್ಡದ ಇಳಿಜಾರಿನಲ್ಲಿ ಒಂದು ಹಕ್ಕಲು ಹೊಲ ಮಾಡಿದವನು. ಜೋಡಿಯಲ್ಲಿ ಒಂದು ಎತ್ತನ್ನು ಹುಲಿ ಹೊತ್ತೊಯ್ದಾಗ ತಾನೇ ನೊಗಕ್ಕೆ ಹೆಗಲು ಕೊಟ್ಟು ಅಲ್ಲಿ ಮೊದಲ ರಾಗಿ ಬಿತ್ತಿದನಂತೆ. ಅವನ ಮಗ ಚನ್ನವೀರಪ್ಪ ದೊಡ್ಡ ಬರದಲ್ಲಿ ರಾಗಿಯ ಹಗೇವು ತೆಗೆದು ಊರಿಗೆಲ್ಲ ಅಂಬಲಿ ಕಾಸಿ ಬಡಿಸಿದವನು. ಚನ್ನವೀರಪ್ಪನ ಮಗ ಮುರಿಗೆಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಕ್ಕಲನ್ನು ದಾಯಾದಿಗಳ ಬಾಯಿಗೆ ಬೀಳಗೊಡದೆ ಮಗಳು ಗಂಗಾಂಬಿಕೆಯ ಕೈಗೆ ಕೊಟ್ಟು ಕಣ್ಣು ಮುಚ್ಚಿದ್ದೇ ಅವನ ದೊಡ್ಡ ಕೆಲಸ. “ಮಣ್ಣು ಕಾಯ್ಕೋ ಮಗಾ” ಅನ್ನುವುದು ಅವನ ಕಡೆಯ ಮಾತು.

ಶೃಂಗೇರಿ, ಕೊಪ್ಪದ ಕಡೆ ಮಳೆ ಮನೆಗೆ ಬಂದ ಹಿರಿಯತ್ತೆಯಂತೆ. ಬಂದರೆ ಹೋಗುವ ಮಾತೇ ಇಲ್ಲ. ನರಸಿಂಹರಾಜಪುರಕ್ಕೆ ಮೂಡಲಲ್ಲಿ, ಗುಡ್ಡದ ಮರೆಯಲ್ಲಿರುವ ಈ ಊರಿಗೆ ಅದು ದೂರದ ನೆಂಟ. ಅಪರೂಪಕ್ಕೆ ಬರುತ್ತದೆ, ಬಂದಾಗ ಗಡಿಗೆ ಬರಿದು ಮಾಡಿ ಹೋಗುತ್ತದೆ.

ಹಕ್ಕಲಿನ ಮೇಲ್ಗಡೆ ಮತ್ತಿ, ಹೊನ್ನೆ, ತೇಗದ ಕಾಡು. ಬೇಸಿಗೆ ಹತ್ತಿರ ಬರುತ್ತಲೇ ಮರಗಳು ಎಲೆ ಉದುರಿಸಿದರೆ, ಆ ದರಗನ್ನು ಗುಡಿಸಿ ಹೆಡಿಗೆ ತುಂಬಿ ತಂದು ಕೊಟ್ಟಿಗೆಗೆ ಹಾಸುವುದು ಊರ ಹೆಂಗಸರ ಪದ್ಧತಿ. ಸಗಣಿ ಸೇರಿ ಅದೇ ಗೊಬ್ಬರವಾಗುತ್ತದೆ. ಉಳಿದವರು ಅಲ್ಲಿಷ್ಟು ಇಲ್ಲಿಷ್ಟು ಕೆರೆದು ತಂದರೆ ಗಂಗಾಂಬಿಕೆ ಗುಡ್ಡವನ್ನು ಅಂಗಳದಂತೆ ಗುಡಿಸುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಎಳೆದ ಪೊರಕೆಯ ಗೆರೆಗಳು ಬಾಚಿದ ತಲೆಯಂತೆ ಕಾಣುತ್ತಿದ್ದವು. ಅವಳ ಗೊಬ್ಬರಗುಂಡಿಯ ಮುಂದೆ ಗಂಡಸರೂ ನಿಂತು ತಲೆದೂಗುತ್ತಿದ್ದರು. ಪೊರಕೆ ಮುಟ್ಟದ ಜಾಗ ಒಂದೇ, ಊರದೇವತೆ ಚೌಡಿಯ ಕಲ್ಲಿರುವ ಬನ. ಚೌಡಿಯ ಎಲೆ ತಂದರೆ ದನದ ಹಾಲು ಬತ್ತುತ್ತದೆಂದು ಎಲ್ಲರಿಗೂ ಭಯ.

“ಗಂಗಕ್ಕಾ, ಗುಡ್ಡಕ್ಕೆ ರಂಗೋಲಿ ಯಾವಾಗ?” ಎಂದು ಕೆಳಗದ್ದೆ ವೀರಪ್ಪನ ಹೆಂಡತಿ ಪ್ರೇಮಕ್ಕ ಚುಚ್ಚುತ್ತಿದ್ದಳು.

“ಮೊದ್ಲು ನಿನ್ನ ಅಂಗಳ ಗುಡ್ಸು ಮಾರಾಯ್ತಿ. ಆಮೇಲೆ ನನ್ನ ಗುಡ್ಡದ ಸುದ್ದಿ.”

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ. ಹಕ್ಕಲಿಗೆ ಗೊಬ್ಬರ ಚೆಲ್ಲಿ ಮುಗಿಸಿದ ಮಧ್ಯಾಹ್ನವೇ ಮೋಡ ಕವಿಯಿತು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಹಿಗ್ಗುತ್ತ ಗಂಗಾಂಬಿಕೆ ಓಡಿಹೋಗಿ ಚೌಡಿಯ ಬನದಲ್ಲಿ ನಿಂತಳು.

ಅದು ಮಳೆಯಾಗಿರಲಿಲ್ಲ, ಆಕಾಶವೇ ಬಾಯಿ ತೆರೆದಿತ್ತು. ಒಂದೊಂದು ಹನಿಯೂ ಅಡಿಕೆಯಷ್ಟು ದಪ್ಪ. ಬಿಸಿಲಿಗೆ ಬೆಂದು ಹಂಚಿನಂತಾಗಿದ್ದ ನೆಲ ಒಂದು ಗುಟುಕೂ ಕುಡಿಯಲಿಲ್ಲ. ಹನಿ ಬಿದ್ದಲ್ಲೆಲ್ಲ ಮಣ್ಣು ಒಗ್ಗರಣೆಯ ಸಾಸಿವೆಯಂತೆ ಸಿಡಿಯಿತು. ಸಿಡಿದದ್ದನ್ನು ನೀರು ಎತ್ತಿಕೊಂಡಿತು. ನೀರು ದಾರಿ ಹುಡುಕಬೇಕಾಗಲಿಲ್ಲ. ಪೊರಕೆಯ ಗೆರೆಗಳು ಕಾದೇ ಇದ್ದವು. ಗೆರೆ ಕಾಲುವೆಯಾಯಿತು, ಕಾಲುವೆ ಕೊರಕಲಾಯಿತು. ಕೆಂಪು ನೀರು ಕಲ್ಲುಗಳನ್ನು ಗೋಲಿಯಂತೆ ಉರುಳಿಸುತ್ತ, ಆನೆಯ ಹಿಂಡು ಘೀಳಿಟ್ಟಂತೆ ಸದ್ದು ಮಾಡುತ್ತ ಹಕ್ಕಲಿಗೆ ನುಗ್ಗಿತು. ಗೊಬ್ಬರ ಹೋಯಿತು. ಅದರ ಬೆನ್ನಿಗೇ ರೇಣುಕಪ್ಪನ ಮಣ್ಣು ಹೋಯಿತು.

ಗಂಗಾಂಬಿಕೆಗೆ ಅಳು ಬರಲಿಲ್ಲ. ಅಷ್ಟು ದೊಡ್ಡದರ ಮುಂದೆ ಅಳುವೇ ಚಿಕ್ಕದಾಯಿತು. ಕೊರಳ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದು ಕಣ್ಣರಳಿಸಿ ನಿಂತಳು.

ಮಳೆ ಬಂದಂತೆಯೇ ನಿಂತುಹೋಯಿತು. ಗುಡ್ಡ ಚರ್ಮ ಸುಲಿದ ದನದಂತೆ ಬಿದ್ದಿತ್ತು. ಬೇರುಗಳು ಗಾಳಿಯಲ್ಲಿ ಜೋಲುತ್ತಿದ್ದವು. ಆಗ ಅವಳು ತನ್ನ ಕಾಲಡಿ ನೋಡಿಕೊಂಡಳು. ಸುತ್ತಲ ನೆಲವೆಲ್ಲ ಕುಸಿದು, ಚೌಡಿಯ ಬನವೊಂದೇ ಕಟ್ಟಿದ ಜಗುಲಿಯಂತೆ ಎತ್ತರಕ್ಕೆ ನಿಂತಿತ್ತು. ಬಗ್ಗಿ ದರಗು ಸರಿಸಿದಳು. ಅಡಿಯಲ್ಲಿ ಮಣ್ಣು ಹಿಟ್ಟಿನಂತೆ ಮೆತ್ತಗಿತ್ತು. ನೀರು ಹರಿದಿರಲಿಲ್ಲ, ಇಂಗಿತ್ತು. ಅದೇ ಮಳೆ, ಅದೇ ಇಳಿಜಾರು. ನಡುವೆ ಇದ್ದದ್ದು ಒಣಗಿದ ಎಲೆ ಮಾತ್ರ.

“ಅವ್ವಾ, ಇದು ನಿನ್ನ ಹೊದಿಕೆ ಆಗಿತ್ತಾ? ನಾನು ಕಸ ಅಂದ್ಕೊಂಡಿದ್ನಲ್ಲೇ!” ಎಂದು ಕಲ್ಲಿಗೆ ಹಣೆ ಹಚ್ಚಿದಳು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಅಟ್ಟದಲ್ಲಿ ಕೂಡಿಟ್ಟಿದ್ದ ದರಗನ್ನೆಲ್ಲ ಹೆಡಿಗೆಗೆ ತುಂಬಿ ಗುಡ್ಡ ಹತ್ತತೊಡಗಿದಳು. ದರಗು ಕೆಳಗಿಳಿಯುವುದನ್ನು ಕಂಡಿದ್ದ ಊರು, ಅದು ಮೇಲಕ್ಕೆ ಹೋಗುವುದನ್ನು ಕಂಡದ್ದು ಅಂದೇ.

“ಗಂಗಕ್ಕ ಗುಡ್ಸಿದ್ಳು, ಮಳೆ ಸಾರ್ಸ್ತು!” ಎಂದು ನಕ್ಕಳು ಪ್ರೇಮಕ್ಕ.

“ಸುಮ್ನಿರೇ,” ಎಂದು ಅವಳನ್ನು ಗದರಿ ವೀರಪ್ಪ ಗಾಡಿಯಿಂದ ಇಳಿದ. “ಅಕ್ಕಾ, ನಿನ್ನ ಮಣ್ಣು ಪೂರಾ ನನ್ನ ಗದ್ದೇಲಿ ಬಿದ್ದದೆ. ಹಂಗೇ ಇಟ್ಕೊಂಡ್ರೆ ನಿಮ್ಮಪ್ಪ ಕನಸಲ್ಲಿ ಬಂದು ಒದೀತಾನೆ. ಆಳು ಕರ್ದಿದೀನಿ, ಗಾಡೀಲಿ ಹೊಡ್ಸಿ ಹಕ್ಕಲಿಗೆ ತುಂಬಿಸ್ತೀನಿ. ಆ ದರಗಿನ ಹೊರೇನೂ ಇತ್ತ ಕೊಡು.”

ಗಂಗಾಂಬಿಕೆ ತಲೆಯ ಹೆಡಿಗೆಯನ್ನು ಇಳಿಸಲಿಲ್ಲ.

“ಬ್ಯಾಡ ತಮ್ಮ. ಮಣ್ಣು ನಿನ್ನಲ್ಲೇ ಇರ್ಲಿ, ಭತ್ತ ಬೆಳ್ಕೋ. ಬೆತ್ತಲೆ ಗುಡ್ಡದ ಕೆಳಗೆ ಎಷ್ಟು ತುಂಬಿದ್ರೂ ಅದು ಮತ್ತೆ ನಿನ್ನ ಮನೆಗೇ ಬತ್ತದೆ. ಮೊದ್ಲು ನಾನು ಕಲ್ಲು ಅಡ್ಡ ಇಟ್ಟು, ಗುಡ್ಡಕ್ಕೆ ಹೊದಿಸ್ಬೇಕು. ಹೊರೆಗೂ ಕೈ ಹಾಕ್ಬ್ಯಾಡ ಮಾರಾಯ. ಸುಲಿದೋಳು ನಾನು, ಹೊದ್ಸೋಳೂ ನಾನೇ. ನಡಿ, ದಾರಿ ಬಿಡು.”