ಹತ್ತು ಡಿಗ್ರಿ ಕಮ್ಮಿ

ಅತ್ತೆ ಸೊಂಟದ ಮೂಳೆ ಮುರಿದುಕೊಂಡದ್ದು ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿಗೆ ಸಾಗಿಸುವಾಗ ಅಂಗಳದ ಪಾಚಿಯ ಮೇಲೆ ಜಾರಿದರು. ಹುಣಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, "ಬ್ಯಾರನ್ ಕಾವು ಎಷ್ಟದೆ?" ನನಗೆ ರೇಗಿತು. ಬಾಯಿ ಮುಚ್ಚಿಕೊಂಡು ಮಲಗಿ ಎಂದೆ. ಹೇಳಿದ್ದು ಕೇಳುವ ಹೆಂಗಸಲ್ಲ ಅದು.

ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹಸಿ ಸೊಪ್ಪನ್ನು ಒಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಿಂದ ಕಬ್ಬಿಣದ ಕೊಳವೆಗಳಲ್ಲಿ ದಿನಗಟ್ಟಲೆ ಬಿಸಿ ಹಾಯಿಸುತ್ತಾರೆ. ಕಾವನ್ನು ಸೊಪ್ಪಿನ ಬಣ್ಣ ನೋಡಿಕೊಂಡು ಏರಿಸುತ್ತ ಹೋಗಬೇಕು. ಅವಸರ ಮಾಡಿದರೂ ತಡ ಮಾಡಿದರೂ ಚಿನ್ನದ ಬಣ್ಣಕ್ಕೆ ಬರಬೇಕಾದ ಸೊಪ್ಪು ಕರ್ರಗಾಗುತ್ತದೆ, ವರ್ಷದ ದುಡಿಮೆ ಹೋಗುತ್ತದೆ. ಕಟ್ಟೆಮಳಲವಾಡಿ ದಾಟಿದ ಮೇಲೆ ಸಿಗುವ ನಮ್ಮ ಊರಿನಲ್ಲಿ ಈ ವಿಷಯಕ್ಕೆ ಅತ್ತೆಯ ಮಾತೇ ಕೊನೆ. ಯಾರಾದರೂ ಕರೆದರೆ ಹೋಗಿ, ಬಾಗಿಲ ಸಂದಿಯಲ್ಲಿ ಮೂಗಿಟ್ಟು, "ಇನ್ನೆರಡು ಸೌದೆ ಆಕಿ" ಎಂದು ಬರುವರು. ಹೌದಾ ಎಂದು ತಿರುಗಿ ಕೇಳಿದವರನ್ನು ನಾನು ನೋಡಿಲ್ಲ. ಆದರೆ ಸ್ವಂತ ಬ್ಯಾರನ್ನಿನ ಕಾವನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ನಮ್ಮ ಕಡೆ ಅದು ರೂಢಿ. ಬೆಳೆ ಹೇಗಿದೆ ಎಂದರೆ "ಏನೋ, ಸುಮಾರಾಗದೆ" ಅನ್ನಬೇಕು. ಚೆನ್ನಾಗಿದೆ ಅಂದರೆ ದೃಷ್ಟಿಯಾಗುತ್ತದೆ. ಬ್ಯಾರನ್ ಬಾಗಿಲಿಗೆ ಹಳೆ ಪೊರಕೆ ಮತ್ತು ಹರಿದ ಚಪ್ಪಲಿ ಕಟ್ಟುವುದೂ ಅದಕ್ಕೇ.

ನಾನು ಹುಣಸೂರಿನಲ್ಲಿ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತೇನೆ. ಗಳಿಗೆಗೊಮ್ಮೆ ಫೋನ್ ಮಾಡಿ ಕಾವು ಕೇಳಿ ನನ್ನ ಗಂಡನ ಪ್ರಾಣ ತಿನ್ನುತ್ತಿದ್ದ ಅತ್ತೆಯ ಕಾಟ ತಪ್ಪಿಸಲು, ಅಂಗೈಯಗಲದ ಒಂದು ಕಂಪ್ಯೂಟರನ್ನು ಮನೆಯ ಫ್ರಿಜ್ ಮೇಲಿಟ್ಟು ಸರ್ವರ್ ಮಾಡಿದೆ. ಬ್ಯಾರನ್ನಿನೊಳಗಿಂದ ಸೆನ್ಸರಿನ ವೈರು ಎಳೆದು ತಂದೆ. ದೊಡ್ಡ ಅಕ್ಷರದಲ್ಲಿ ಕಾವಿನ ಅಂಕಿಯೊಂದನ್ನೇ ತೋರಿಸುವ ವೆಬ್ ಪುಟ ಬರೆದೆ. ಮನೆಯ ವೈಫೈನಲ್ಲಿ ಚೆನ್ನಾಗಿ ಕಂಡಿತು, ಆಸ್ಪತ್ರೆಯಲ್ಲಿ ಕಾಣಲಿಲ್ಲ. ಇಂಟರ್‌ನೆಟ್ ಕೊಡುವವರು ಹಲವು ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಟ್ಟಿದ್ದರು. ಹೊರಗಿನಿಂದ ಹುಡುಕಿ ಬಂದವರಿಗೆ ನಮ್ಮ ಮನೆ ಯಾವುದೆಂದೇ ತಿಳಿಯದು. ಪಿರಿಯಾಪಟ್ಟಣದ ಅವರ ಆಫೀಸಿಗೆ ಹೋಗಿ ನಮಗೇ ಒಂದು ಸ್ವಂತ ವಿಳಾಸ ಬೇಕೆಂದೆ.

"ಊರ್ನಾಗೆ ಯಾರೂ ಕೇಳಿಲ್ಲ ಕಣಕ್ಕ, ನಿಮಗ್ಯಾಕೆ?" ಎಂದ ಅಲ್ಲಿದ್ದವನು.

"ನಮ್ಮತ್ತೆಗೆ ಬೇಕು. ಕೊಡೋಗಂಟ ನಾನು ಎದ್ದೋಗಲ್ಲ" ಎಂದೆ. ಕೊಟ್ಟ.

ರೂಟರಿನಲ್ಲಿ ಹೊರಗಿನವರಿಗೆ ಒಂದು ಬಾಗಿಲು ತೆರೆದೆ, ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ಜೋಡಿಸಿದೆ, ನೆನಪಿಟ್ಟುಕೊಳ್ಳಲು ಸುಲಭವಾದ ಒಂದು ಹೆಸರು ಕೊಂಡೆ. ಪಾಸ್‌ವರ್ಡ್ ಇಡಲಿಲ್ಲ, ಅತ್ತೆಗೆ ಟೈಪ್ ಮಾಡಲು ಬಾರದು. ಗಂಡ ಹೆಮ್ಮೆಗೆ ಅದರ ಲಿಂಕನ್ನು ಬೀದಿಯ ವಾಟ್ಸಾಪ್ ಗ್ರೂಪಿಗೂ ಹಾಕಿದರು. ಅತ್ತೆ ಹಾಸಿಗೆಯಲ್ಲಿ ಫೋನ್ ಹಿಡಿದು ಅಂಕಿ ನೋಡಿದರು. ಆಪರೇಷನ್ ಆದಮೇಲೆ ಅವರ ಮುಖ ಗೆಲುವಾದದ್ದು ಆಗಲೇ.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸರ್ವರನ್ನು ತೆರೆದ ಸ್ವಲ್ಪ ಹೊತ್ತಿಗೇ ಎಲ್ಲೆಲ್ಲಿಯದೋ ದೇಶದ ಕಂಪ್ಯೂಟರುಗಳು ಬಂದು ಆ ಬಾಗಿಲು ತಟ್ಟಲು ಶುರುಮಾಡಿದ್ದವು. ಅದು ಎಲ್ಲರಿಗೂ ಆಗುವುದೇ. ತಮಾಷೆಗೆಂದು ಅತ್ತೆಗೆ ಹೇಳಿದೆ. ಅವರಿಗೆ ತಮಾಷೆಯಾಗಿ ಕಾಣಲಿಲ್ಲ.

"ಅಂಗಾರೆ ಯಾರು ಬೇಕಾದ್ರೂ ನೋಡ್ಬೋದಾ? ಊರೋರೂವೆ?"

"ಹೂಂ."

"ಮುಚ್ಚಾಕು ಅದ್ನ."

"ಮುಚ್ಚಿದ್ರೆ ನಿಮಗೂ ಕಾಣಲ್ಲ."

ಅತ್ತೆ ಫೋನನ್ನು ದಿಂಬಿನ ಕೆಳಗೆ ತಳ್ಳಿದರು. ಆಮೇಲೆ, "ಹತ್ತು ಡಿಗ್ರಿ ಕಮ್ಮಿ ತೋರ್ಸು. ನಾನು ಹತ್ತು ಕೂಡಿಸ್ಕತೀನಿ. ನೋಡೋರು ನೋಡ್ಲಿ ಬುಡು, ಅವರ ಕಣ್ಣು ಸುಳ್ಳಿನ ಮ್ಯಾಲೆ ಬೀಳ್ತದೆ" ಎಂದರು.

ಇಂಥ ತಲೆ ಓದಿದವರಿಗೆಲ್ಲಿ ಬರಬೇಕು ಎಂದು ಮನಸ್ಸಿನಲ್ಲೇ ನಕ್ಕೆ. ಬಂದ ಅಂಕಿಯಲ್ಲಿ ಹತ್ತು ಕಳೆ ಎಂದು ಒಂದು ಸಾಲು ಸೇರಿಸಿದೆ. ಉರಿ ಹಾಕುತ್ತಿದ್ದ ಗಂಡ ಬ್ಯಾರನ್ನಿನಲ್ಲೇ ನೇತಾಡುವ ಗಾಜಿನ ಥರ್ಮಾಮೀಟರ್ ನೋಡುತ್ತಿದ್ದರಿಂದ ಅವರಿಗೆ ತೊಂದರೆಯಾಗಲಿಲ್ಲ. ನಮ್ಮ ಸೊಪ್ಪು ಒಳ್ಳೆಯ ಬಣ್ಣಕ್ಕೆ ಬಂತು. ಅತ್ತೆ ಡಾಕ್ಟರಿಗೂ ಅದನ್ನು ಹೇಳಿದರಂತೆ, "ಏನೋ, ಸುಮಾರಾಗದೆ" ಎಂದು.

ಅತ್ತೆ ಮನೆಗೆ ಬಂದಾಗ ನಮ್ಮ ಬ್ಯಾರನ್ನಿನಲ್ಲಿ ಮುಂದಿನ ಸೊಪ್ಪು ಬೇಯುತ್ತಿತ್ತು. ರೋಗಿಯನ್ನು ನೋಡಲು ಜನ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುತ್ತಿದ್ದರು. ಎದುರು ಮನೆಯ ಸೊಸೆ ಎಳನೀರು ತಂದಳು. ಹೆಗ್ಗಡದೇವನಕೋಟೆ ಕಡೆಯಿಂದ ಮದುವೆಯಾಗಿ ಬಂದವಳು. ತವರಿನಲ್ಲಿ ಹತ್ತಿ ಬೆಳೆದು ಗೊತ್ತೇ ಹೊರತು ಹೊಗೆಸೊಪ್ಪು ಗೊತ್ತಿಲ್ಲ. ಗಂಡ ಹೆಂಡತಿ ಆ ವರ್ಷವೇ ಮನೆಯವರಿಂದ ಬೇರೆಯಾಗಿ ಬ್ಯಾರನ್ ಗುತ್ತಿಗೆಗೆ ಹಿಡಿದಿದ್ದರು. ಅವಳು ಎಳನೀರನ್ನು ಕೆಳಗಿಟ್ಟು, ಕೂರದೆ, ಬಾಗಿಲ ಬಳಿಯೇ ನಿಂತಳು.

"ದೊಡ್ಡವ್ವ, ನಮ್ಮ ಮೊದಲ್ನೇ ಬ್ಯಾರನ್ ಪೂರಾ ಕರ್ರಗಾಗೋಯ್ತು. ನೀವು ಸೊಪ್ಪು ಏರ್ಸಿದ್ ದಿನವೇ ನಾವೂ ಏರ್ಸುದ್ವಿ, ಫೋನ್ನಾಗೆ ನಿಮ್ಮ ನಂಬರ್ ನೋಡ್ಕಂಡೇ ಉರಿ ಆಕುದ್ವಿ. ಒಂದು ಡಿಗ್ರಿ ಆಕಡೆ ಈಕಡೆ ಮಾಡ್ಲಿಲ್ಲ. ನಮ್ಮ ಬ್ಯಾರನ್ನೇ ಸರಿ ಇಲ್ಲ ಅನ್ಸುತ್ತೆ."

ಅತ್ತೆ ಕೆಳಗಿಟ್ಟ ಎಳನೀರನ್ನೇ ನೋಡುತ್ತಿದ್ದರು.

"ನಿಮ್ಮುನ್ನ ಕೇಳ್ದೆ ನೋಡುದ್ವಿ. ನಮ್ಮ ದೃಷ್ಟಿ ಏನಾರ ಬಿದ್ದಿದ್ರೆ ತಪ್ಪು ತಿಳ್ಕಬ್ಯಾಡಿ ದೊಡ್ಡವ್ವ."

ನನಗೆ ಅಲ್ಲಿಂದ ಎದ್ದು ಹೋಗೋಣ ಎನ್ನಿಸಿತು. ಕೈಯಲ್ಲಿ ಅತ್ತೆಯ ಮಾತ್ರೆಗಳಿದ್ದವು, ಹಾಗೇ ಕೂತಿದ್ದೆ. ಅತ್ತೆ ಸೊಂಟ ಹಿಡಿದುಕೊಂಡು ದಿಂಬಿಗೆ ಒರಗಿ ನೆಟ್ಟಗಾದರು. ಅವರು ಸುಮ್ಮನೆ ಇದ್ದುಬಿಡುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಇದ್ದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಿಮ್ಮ ಬ್ಯಾರನ್ ನೆಟ್ಟಗದೆ ಕಣವ್ವ. ಆ ನಂಬರ್ ಸುಳ್ಳು. ಹತ್ತು ಡಿಗ್ರಿ ಕಮ್ಮಿ ತೋರ್ಸು ಅಂತ ನಾನೇ ಹೇಳಿ ಆಕ್ಸಿದ್ದೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಹಾಲಿನ ಡೈರಿಗೆ ಹೊರಟವರ ಕ್ಯಾನುಗಳ ಸದ್ದು ಬೀದಿಯಲ್ಲಿ ಕೇಳಿ, ಹೋಯಿತು.

"ಇವತ್ತು ಬೆಳಿಗ್ಗೆ ಎರಡ್ನೇ ಸಲ ಸೊಪ್ಪು ಏರ್ಸಿದ್ದೀವಿ. ಮೊದಲ್ನೇ ದಿನಕ್ಕೆ ಎಷ್ಟಿಡ್ಬೇಕು?" ಎಂದಳು ಕೊನೆಗೆ.

ಅತ್ತೆ ಒಂದು ಅಂಕಿ ಹೇಳಿದರು. ಸೊಪ್ಪಿನ ತುದಿ ಹಳದಿ ತಿರುಗುವ ತನಕ ಅದನ್ನು ಬಿಟ್ಟು ಕದಲಬೇಡ, ಆಮೇಲೆ ನಿಧಾನವಾಗಿ ಏರಿಸು ಎಂದೂ ಹೇಳಿದರು.

ಅವಳು ಅಷ್ಟನ್ನೂ ಕೇಳಿಸಿಕೊಂಡಳು. ಕೇಳಿಸಿಕೊಂಡು, ಅತ್ತೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

"ಹೌದಾ ಅಕ್ಕ?"

ನಾನು ಹೌದೆಂದು ತಲೆಯಾಡಿಸಿದೆ. ಅತ್ತೆ ಅದನ್ನು ನೋಡುತ್ತಿದ್ದರು.