ಆನೆ ಎಳೆದರೂ ಬಿಡದ ವೆಲ್ಡಿಂಗು

ಪಕ್ಕದ ಮನೆಯವರು ಬೆಳಗಿನಿಂದ ಗೇಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದಾರೆ. ನಮ್ಮ ಕೇಶ್ವಾಪುರದಲ್ಲಿ ಇದೇನು ಹೊಸದಲ್ಲ. ಇಲ್ಲಿ ಮನುಷ್ಯನಿಗೆ ಸ್ವಲ್ಪ ಅನುಕೂಲವಾದ ಕೂಡಲೇ ಮೊದಲು ಗೇಟು ಎತ್ತರವಾಗುತ್ತದೆ, ಆಮೇಲೆ ಅದರ ಮೇಲೆ ಚೂಪು ಸರಳಿನ ಭರ್ಚಿಗಳು ಏಳುತ್ತವೆ, ಕೊನೆಗೆ ಎರಡೂ ಕಡೆ ಸಿಮೆಂಟಿನ ಸಿಂಹಗಳು ಬಂದು ಕೂರುತ್ತವೆ. ಇವರದು ಸದ್ಯ ಭರ್ಚಿಯ ಹಂತದಲ್ಲಿದೆ. ಸುಟ್ಟ ಕಬ್ಬಿಣದ ಘಾಟು ನನ್ನ ಅಡುಗೆಮನೆಯ ತನಕ ಬಂದು ಒಗ್ಗರಣೆಯನ್ನೂ ಸೋಲಿಸಿದೆ. ಹೋದ ತಿಂಗಳಿನವರೆಗೆ ಈ ವಾಸನೆ ಬಂದರೆ ನನಗೆ ನಗು ಬರುತ್ತಿತ್ತು. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ನಿಮಗೂ ಅಂಥ ಅವಸರವಿದ್ದಂತೆ ಕಾಣುವುದಿಲ್ಲ. ಇದ್ದಿದ್ದರೆ ಒಬ್ಬ ನಿವೃತ್ತ ಮಾಸ್ತರಿಣಿಯ ಹಳೇ ಪುರಾಣ ಓದಲು ಯಾಕೆ ಕೂರುತ್ತಿದ್ದಿರಿ?

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ನನ್ನ ಹೇಳಿಕೆ. ಕಲಿತವರು ಯಾರಾದರೂ ಸಿಕ್ಕರೆ ದಯವಿಟ್ಟು ತಿಳಿಸಿ. ಬಹಳ ವರ್ಷಗಳ ಹಿಂದೆ ಕಾಲೇಜಿನ ಯಾವುದೋ ಮಹೋತ್ಸವ ಬಂತು. ನಮ್ಮ ಪ್ರಿನ್ಸಿಪಾಲರಾದ ಇನಾಮದಾರ ಸರ್ ಅವರಿಗೆ ವಿದೇಶಿ ಅತಿಥಿಯೊಬ್ಬರು ಬೇಕೇ ಬೇಕೆನಿಸಿತು. ಯಾವ ದೇಶ, ಯಾವ ವಿಷಯ ಎಂಬ ಹಟವೇನೂ ಅವರಿಗಿರಲಿಲ್ಲ. ಆಗ ಭಾರತ ಪ್ರವಾಸದಲ್ಲಿದ್ದ ಒಬ್ಬ ಜಪಾನಿ ಶಿಲ್ಪಿ ಸಿಕ್ಕರು. ಅವರ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲವಾದ್ದರಿಂದ ಎಲ್ಲರೂ ಅವರನ್ನು ಸಾಹೇಬರು ಎಂದೇ ಕರೆದರು. ನಾನೂ ಹಾಗೇ ಕರೆಯುತ್ತೇನೆ. ಅವರ ಇಂಗ್ಲಿಷ್ ಅರ್ಧ, ನನ್ನದು ಪುಸ್ತಕದ್ದು. ಇಬ್ಬರನ್ನೂ ಕೂಡಿಸಿದರೆ ಒಂದಾದೀತೆಂದು ನನ್ನನ್ನು ಅನುವಾದಕ್ಕೆ ಹಚ್ಚಿದರು.

ಸಾಹೇಬರ ಸಾಧನೆಯನ್ನು ನಾನು ಅವರ ಕೆಟಲಾಗಿನಲ್ಲಿ ಓದಿಕೊಂಡೆ. ಹರೆಯದಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೂಲಿಯಾಗಿದ್ದರು. ಅಲ್ಲಿಂದ ಕಲೆಗೆ ಬಂದರೂ ಉಳಿಯನ್ನು ಮುಟ್ಟಲಿಲ್ಲ, ಮಣ್ಣನ್ನು ಮುಟ್ಟಲಿಲ್ಲ. ಕಾರ್ಖಾನೆಗೆ ಹೋಗುವುದು, ಉಕ್ಕಿನ ಪ್ಲೇಟು, ರಬ್ಬರಿನ ಪಟ್ಟೆ, ಗಾಜು, ಸಿಮೆಂಟಿನ ಪೈಪು ಕೇಳಿ ತರುವುದು, ದೊಡ್ಡ ಹಾಲಿನಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸುವುದು. ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ತಿರುಗಿ ಕಾರ್ಖಾನೆಗೆ ಮುಟ್ಟಿಸುವುದು. ನಮ್ಮಲ್ಲಿ ಪಾತ್ರೆ ತಂದು, ಜೋಡಿಸಿ, ಮದುವೆ ಮುಗಿದ ಮೇಲೆ ತಿರುಗಿ ಒಯ್ಯುವವರನ್ನು ಕೇಟರಿಂಗ್‌ನವರು ಎನ್ನುತ್ತೇವೆ. ಅಲ್ಲಿ ಶಿಲ್ಪಿ ಎನ್ನುತ್ತಾರೆಂದು ಕಾಣುತ್ತದೆ. ಒಂದು ಫೋಟೊದಲ್ಲಿ ಉದ್ದನೆಯ ರಬ್ಬರ್ ಪಟ್ಟೆಯೊಂದು ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಸುತ್ತಲೂ ಕೋಟು ತೊಟ್ಟವರು ಗದ್ದಕ್ಕೆ ಕೈ ಹಚ್ಚಿ ನಿಂತಿದ್ದರು. ಪಾಪ, ಯಾರದು ಏನು ಕಳೆದಿತ್ತೋ.

ಇಡೀ ಜೀವನದಲ್ಲಿ ಸಾಹೇಬರದು ಒಂದೇ ವ್ರತ. ವೆಲ್ಡಿಂಗ್ ಇಲ್ಲ, ಬೋಲ್ಟಿಲ್ಲ, ಅಂಟಿಲ್ಲ. ಯಾವುದನ್ನೂ ಯಾವುದಕ್ಕೂ ಜೋಡಿಸಬಾರದು. “ಬೆಸೆದ ಮೇಲೆ ಅದು ತಾನಾಗಿ ನಿಂತ ಹಾಗಲ್ಲ, ಕಟ್ಟಿಹಾಕಿದ ಹಾಗೆ” ಎನ್ನುತ್ತಿದ್ದರು. ಈ ಒಂದು ಮಾತಿನ ಮೇಲೆ ಅವರು ದೇಶವಿದೇಶದ ಮ್ಯೂಜಿಯಮ್ಮುಗಳನ್ನು ಸುತ್ತಿ ಬಂದಿದ್ದರು. ನಮ್ಮ ತವರಿನ ಅಟ್ಟದಲ್ಲಿ ಹಿತ್ತಾಳೆ ಕೊಡಗಳು ಅಜ್ಜಿಯ ಕಾಲದಿಂದ ಒಂದರ ಮೇಲೊಂದು ಬೆಸುಗೆಯಿಲ್ಲದೆ ನಿಂತಿವೆ. ಅವುಗಳನ್ನು ನೋಡಲು ಇಲಿ ಬಿಟ್ಟು ಇನ್ಯಾರೂ ಬಂದಿಲ್ಲ.

ಸಾಹೇಬರು ಬಂದ ದಿನ ಇನಾಮದಾರ ಸರ್ ನನಗೆ ಹೇಳಿದರು, “ಬಾಯಾರ, ನಮ್ಮ ಸಂಸ್ಥಾಪಕರದೊಂದು ಛಲೋ ಮೂರ್ತಿ ಮಾಡಿ ಕೊಡತಾರೇನು, ಕೇಳ್ರಿ.” ಕೇಳಿದೆ. ಸಾಹೇಬರು ನಗುನಗುತ್ತ ಸೊಂಟ ಬಗ್ಗಿಸಿ ನಮಸ್ಕರಿಸಿದರು. ನಾವೆಲ್ಲ ಅದನ್ನು ಹೂಂ ಎಂದು ತಿಳಿದೆವು. ಇನಾಮದಾರ ಸರ್ ಸಂಸ್ಥಾಪಕರ ಫೋಟೊ, ರುಮಾಲು, ಕೋಲು ಎಲ್ಲ ತರಿಸಿ ಇಟ್ಟರು. ಅದು ಉಹೂಂ ಆಗಿತ್ತೆಂದು ಗೊತ್ತಾದದ್ದು, ಮರುದಿನ ಕ್ರೇನಿನಲ್ಲಿ ಎರಡು ದೊಡ್ಡ ಉಕ್ಕಿನ ಪ್ಲೇಟು ಬಂದಿಳಿದಾಗ.

ಪ್ಲೇಟು ಕೊಟ್ಟವರು ಮೌಲಾಸಾಬರು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಅವರದು ಫ್ಯಾಬ್ರಿಕೇಶನ್ ಶೆಡ್ಡು. ನೀರಿನ ಟಾಕಿ, ತಗಡಿನ ಚಾವಣಿ ಮಾಡುತ್ತಿದ್ದರು. ಎದುರಿಗಿರುವವನ ಕಿವಿ ಮನೆಯಲ್ಲೇ ಮರೆತು ಬಂದಿದೆ ಎನ್ನುವ ಹಾಗೆ ಮಾತಾಡುವ ಮನುಷ್ಯ. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಪ್ಲೇಟು ತಿರುಗಿ ಕೊಡುತ್ತಾರಂತೆ ಎಂದು ನಾನು ಹೇಳಿದಾಗ ಅವರಿಗೆ ಸಿಟ್ಟೇ ಬಂತು. “ಏನ್ರೀ ಬಾಯಾರ, ಸಾಲಿ-ಕಾಲೇಜಿಗೆ ಕೊಟ್ಟಿದ್ದು ತಿರಗಿ ಇಸ್ಕೊಂಡ್ರ ನಾಲ್ಕ ಮಂದ್ಯಾಗ ಮಾರಿ ಹೆಂಗ ತೋರಸ್ಲಿ? ಇಲ್ಲೇ ಇರ್ಲಿ ಅಂತ ಹೇಳ್ರಿ!” ಸಾಹೇಬರು ಮತ್ತೆ ಬಗ್ಗಿದರು. ಈ ಸಲ ಅದು ಹೂಂ ಇರಬೇಕು. ಹಾಗಾಗಿ ಅವರ ಕೃತಿಗಳಲ್ಲಿ ಜಗತ್ತಿನಲ್ಲಿ ಉಳಿದದ್ದು ನಮ್ಮ ಕಾಲೇಜಿನದೊಂದೇ.

ಆ ಕೃತಿ ಎಂದರೆ ಇಷ್ಟೇ. ಮಕ್ಕಳು ಇಸ್ಪೀಟಿನ ಎರಡು ಎಲೆಗಳನ್ನು ಆನಿಸಿ ನಿಲ್ಲಿಸುತ್ತಾರಲ್ಲ, ಹಾಗೆ ಎರಡು ಪ್ಲೇಟುಗಳು. ಬುಡ ಕಲ್ಲಿನ ಹಾಸಿನಲ್ಲಿ ಕೊರೆದ ತೋಡಿನಲ್ಲಿ, ನೆತ್ತಿ ಒಂದಕ್ಕೊಂದು ತಾಗಿ, ನಡುವೆ ಮನುಷ್ಯ ಹಾಯುವಷ್ಟು ದಾರಿ. ಅದನ್ನು ನಿಲ್ಲಿಸಲು ಸಾಹೇಬರು ದಿನಗಟ್ಟಲೆ ತೆಗೆದುಕೊಂಡರು. ಪ್ಲೇಟಿಗೆ ಕಿವಿ ಹಚ್ಚಿ ಕೂರುತ್ತಿದ್ದರು. ಕೂದಲೆಳೆಯಷ್ಟು ಸರಿಸಿ ಮತ್ತೆ ಕಿವಿ ಹಚ್ಚುತ್ತಿದ್ದರು. ಕೊನೆಗೊಂದು ಸಂಜೆ ಕ್ರೇನಿನ ಸರಪಳಿ ಬಿಚ್ಚಿಸಿದರು. ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಏನಾಯಿತೆಂದು ತಿಳಿದಿದ್ದಕ್ಕಲ್ಲ, ಏನೂ ಆಗಲಿಲ್ಲವಲ್ಲ ಎಂದು.

ಇನಾಮದಾರ ಸರ್ ಮಾತ್ರ ಬೆವತಿದ್ದರು. ಒಂದೆರಡು ಕಡೆ ಬೆಸೆದರೆ ಹೇಗೆ ಎಂದು ನನ್ನ ಮೂಲಕ ಕೇಳಿಸಿದರು. ಸಾಹೇಬರ ಮುಖದಿಂದ ನಗು ಹೋದದ್ದನ್ನು ನಾನು ನೋಡಿದ್ದು ಆಗೊಮ್ಮೆಯೇ. “ನಂಬಿಕೆ ಇಲ್ಲದಿದ್ದರೆ ಕೆಡವಿಬಿಡಿ, ಬೇಸರವಿಲ್ಲ. ಬೆಸೆದರೆ ಅದು ನನ್ನದಲ್ಲ” ಎಂದರು. ನಾನು ಅನುವಾದಿಸಿದೆ. ಈಗ ನೀವು ಧಾರವಾಡದ ರೀತಿಯನ್ನು ನೋಡಬೇಕು. ನಮ್ಮವರು ಅತಿಥಿಯ ಮುಖಕ್ಕೆ ಇಲ್ಲ ಎಂದು ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಇನಾಮದಾರ ಸರ್ ಕೈ ಜೋಡಿಸಿ, “ಆಗ್ಲಿ, ಆಗ್ಲಿ. ನಿಮ್ಮ ಮಾತು ಖರೇ ಅದ. ಯಾರೂ ಬೆರಳ ಸೈತ ಹಚ್ಚೂದಿಲ್ಲ ಅಂತ ಹೇಳ್ರಿ ಬಾಯಾರ” ಎಂದರು. ಶಾಲು ಹೊದಿಸಿದರು, ಹಾರ ಹಾಕಿದರು, ಪೇಢೆಯ ಪೆಟ್ಟಿಗೆಗಳನ್ನು ಕೈ ತುಂಬ ಕೊಟ್ಟರು. ಸಾಹೇಬರ ಕಾರು ಗೇಟು ದಾಟಿತು. ಇನಾಮದಾರ ಸರ್ ಇನ್ನೂ ಕೈಬೀಸುತ್ತಲೇ ಮೌಲಾಸಾಬರ ಕಡೆ ತಿರುಗಿದರು.

“ಲಗೂ ಮಷೀನ್ ತರಸ್ರಿ. ನಾಳೆ ಯಾರರ ಹುಡುಗರ ಮೈಮ್ಯಾಲೆ ಬಿದ್ದರ ಇವರೇನು ಜಪಾನ್‌ದಿಂದ ಬಂದು ಉತ್ತರಾ ಕೊಡತಾರ?”

ಮಷೀನು ಆಗಲೇ ಹಿಂದಿನ ಗೇಟಿನ ಹತ್ತಿರ ಬಂದು ನಿಂತಿತ್ತು. ಮೌಲಾಸಾಬರು ಬೇರೆಯವರನ್ನು ನಂಬದೆ ತಾವೇ ಏಣಿ ಹತ್ತಿ, ಯಾರ ಕಣ್ಣಿಗೂ ಬೀಳದ ಹಾಗೆ ಒಳಮಗ್ಗುಲಿನಲ್ಲಿ, ನೆತ್ತಿಯ ಕೆಳಗೆ ಅಲ್ಲಲ್ಲಿ ಬೆಸೆದರು. ಇಳಿದು ಬಂದು ಕೈ ಒರೆಸಿಕೊಂಡು, “ಮೌಲಾಸಾಬ ಹೊಡದ ವೆಲ್ಡಿಂಗ್‌ರೀ ಇದು. ಆನಿ ಕಟ್ಟಿ ಎಳದ್ರೂ ಬಿಡಂಗಿಲ್ಲ” ಎಂದರು. ಆಮೇಲೆ ದನಿ ತಗ್ಗಿಸಿ, ಅಂದರೆ ಅವರಿಗೆ ಸಾಧ್ಯವಾದಷ್ಟು ತಗ್ಗಿಸಿ, “ಸಾಹೇಬ್ರಿಗೆ ಹೇಳಬ್ಯಾಡ್ರಿ ಬಾಯಾರ. ಭಾಳ ಮರ್ಯಾದಿ ಮನಷ್ಯಾ ಅಂವ” ಎಂದರು.

ಸಾಹೇಬರ ಹೆಸರು ಮುಂದೆ ಬೆಳೆಯುತ್ತ ಹೋಯಿತು. ಎಲ್ಲವನ್ನೂ ತಿರುಗಿ ಕೊಟ್ಟ ಕಲಾವಿದನ ಒಂದೇ ಒಂದು ಕೃತಿ ಭಾರತದ ಒಂದು ಊರಿನಲ್ಲಿ ಬೆಸುಗೆಯಿಲ್ಲದೆ ನಿಂತಿದೆ ಎಂದು ಎಲ್ಲೆಲ್ಲಿಯವರೋ ಬರೆದರು. ಮಳೆಯಲ್ಲಿ ನಿಂತಿದೆ, ಗಾಳಿಯಲ್ಲಿ ನಿಂತಿದೆ, ದನಗಳು ಬಂದು ಮೈ ತಿಕ್ಕಿದರೂ ನಿಂತಿದೆ. ಒಬ್ಬರು ಅದರಲ್ಲಿ ಪೂರ್ವ ದೇಶಗಳ ತಾಳ್ಮೆಯನ್ನು ಕಂಡರು. ನಾನು ಅದರಲ್ಲಿ ಮೌಲಾಸಾಬರನ್ನು ಕಾಣುತ್ತಿದ್ದೆ. ಕಾಲೇಜಿನವರು ‘ಬೆಸುಗೆ ಇಲ್ಲದೆ ನಿಂತ ಶಿಲ್ಪ’ ಎಂದು ಫಲಕ ಹಾಕಿದ್ದರಿಂದ ಹುಡುಗರು, ಪ್ರಾಧ್ಯಾಪಕರು ಎಲ್ಲರೂ ಸುತ್ತು ಹಾಕಿ ಹೋಗುತ್ತಿದ್ದರು. ನಾನೊಬ್ಬಳೇ ದಿನಾಲೂ ನಡುವೆ ಹಾಯ್ದು ಲೈಬ್ರರಿಗೆ ಹೋಗುತ್ತಿದ್ದೆ. ಒಮ್ಮೊಮ್ಮೆ ನಡುವೆ ನಿಂತು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದೆ. ಗಂಡಸರು ಗಾಬರಿಯಾಗುವುದನ್ನು ನೋಡುವುದರಲ್ಲಿ ಬಹಳ ಸುಖವಿತ್ತು. ನಿವೃತ್ತಳಾದ ಮೇಲಂತೂ ನಮ್ಮ ಬಳಗದ ಯಾವ ಮದುವೆಯಲ್ಲೂ ಈ ಕಥೆ ಹೇಳದೆ ನಾನು ಊಟದ ಎಲೆಯಿಂದ ಎದ್ದದ್ದಿಲ್ಲ. ಜಗತ್ತನ್ನೇ ಮೆಚ್ಚಿಸಿದ ಮನುಷ್ಯನನ್ನು ನಮ್ಮ ಒಂದು ‘ಆಗ್ಲಿ’ ಮಂಗ ಮಾಡಿತು ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು.

ಹೋದ ತಿಂಗಳು ಸಾಹೇಬರ ಮಗಳು ಬಂದಳು. ಮಿಚಿಕೊ ಎಂದು ಹೆಸರು. ನಡುವಯಸ್ಸು, ಗಿಡ್ಡ ಕತ್ತರಿಸಿದ ನರೆಗೂದಲು, ತಂದೆಯದೇ ನಗು. ಕಾಲೇಜಿನವರಿಂದ ನನ್ನ ಫೋನ್ ನಂಬರು ಪಡೆದಿದ್ದಳು. ತಂದೆ ಹಾಸಿಗೆ ಹಿಡಿದಿದ್ದಾರೆ, ಅವರ ಜೀವಮಾನದ ಕೆಲಸವನ್ನೆಲ್ಲ ಒಂದು ಪುಸ್ತಕ ಮಾಡುತ್ತಿದ್ದೇವೆ, ಕೊನೆಯ ಪುಟ ಧಾರವಾಡದ್ದು ಎಂದಳು. “ಆದರೆ ಮೊದಲು ಹೋಗಿ ನೋಡು ಎಂದಿದ್ದಾರೆ. ಬೆಸೆದಿದ್ದರೆ ಆ ಪುಟ ತೆಗೆದುಬಿಡು ಎಂದಿದ್ದಾರೆ.”

“ಅನುಮಾನ ಯಾಕೆ ಬಂತು?” ಎಂದೆ.

“ನಾನೂ ಕೇಳಿದೆ. ಆ ಊರಿನವರು ತುಂಬ ಸಭ್ಯರು, ಅದಕ್ಕೇ ಅನುಮಾನ ಎಂದರು.”

ನನಗೆ ನಗು ತಡೆಯಲಾಗಲಿಲ್ಲ. ಕೊಂಕು ಮಾತಿನಲ್ಲಿ ನನಗೆ ಸರಿಸಾಟಿಯಾದ ಮನುಷ್ಯನನ್ನು ಇಷ್ಟು ವರ್ಷ ಪೆದ್ದನೆಂದು ತಿಳಿದಿದ್ದೆನಲ್ಲ. ಆದರೂ ಸುಳ್ಳು ಹೇಳುವುದಿಲ್ಲ, ಮರುದಿನ ನಾನು ಧಾರವಾಡಕ್ಕೆ ಹೊರಟದ್ದು ಹಬ್ಬಕ್ಕೆ ಹೊರಟಂತೆ. ತಂಪು ಗಾಳಿಯ ಬಸ್ಸಿತ್ತು. ಹೆಂಗಸರಿಗೆ ಪುಕ್ಕಟೆಯಲ್ಲವೆಂದು ಬಿಟ್ಟು, ಸಾದಾ ಬಸ್ಸಿನಲ್ಲಿ ಶೂನ್ಯದ ಟಿಕೀಟು ಹಿಡಿದುಕೊಂಡು ನಿಂತೇ ಹೋದೆ. ಉಣಕಲ್ ದಾಟುವುದರೊಳಗೆ ಏನು ಹೇಳಬೇಕು, ಎಲ್ಲಿ ಬೆರಳು ತೋರಿಸಬೇಕು ಎಂದೆಲ್ಲ ಮನಸ್ಸಿನಲ್ಲೇ ತಾಲೀಮು ಮುಗಿದಿತ್ತು. ಇನಾಮದಾರ ಸರ್ ಇಲ್ಲ, ಮೌಲಾಸಾಬರೂ ಹೋಗಿಬಿಟ್ಟಿದ್ದಾರೆ. ಹೇಳಲು ಉಳಿದವಳು ನಾನೊಬ್ಬಳೇ.

ಮಿಚಿಕೊ ಆಗಲೇ ಬಂದು ಪ್ಲೇಟಿಗೆ ಕಿವಿ ಹಚ್ಚಿ ನಿಂತಿದ್ದಳು. ಮನೆತನದ ರೋಗ. ಪ್ಲೇಟುಗಳು ತುಕ್ಕು ಹಿಡಿದು ಹುರಿದ ಕಡಲೆಯ ಬಣ್ಣಕ್ಕೆ ಬಂದಿದ್ದವು. ಲ್ಯಾಬಿನಿಂದ ಎತ್ತರದ ಸ್ಟೂಲು ತರಿಸಿದೆವು. ಅವಳು ಹತ್ತಿದಳು, ನಾನು ಸ್ಟೂಲು ಹಿಡಿದೆ. ಸ್ವಲ್ಪ ಹೊತ್ತು ಅವಳ ಮೊಬೈಲಿನ ಬೆಳಕು ನೆತ್ತಿಯ ಉದ್ದಕ್ಕೂ ಓಡಾಡಿ ಒಂದು ಕಡೆ ನಿಂತಿತು.

“ಇದೇನು?” ಎಂದಳು.

ಇಷ್ಟು ವರ್ಷ ಮದುವೆಮನೆಗಳಲ್ಲಿ ಹೇಳಿದ ಕಥೆ. ಆದರೆ ಸ್ಟೂಲಿನ ಮೇಲೆ ಅವಳು ತುದಿಗಾಲಲ್ಲೇ ನಿಂತಿದ್ದಳು, ಬೆಳಕು ಅಲ್ಲಿಂದ ಸರಿಯಲಿಲ್ಲ. ನನ್ನ ತಾಲೀಮೆಲ್ಲ ಎಲ್ಲಿ ಹೋಯಿತೋ. “ವೆಲ್ಡಿಂಗು. ನಿಮ್ಮ ತಂದೆಯ ಕಾರು ಗೇಟು ದಾಟಿದ ಕೂಡಲೇ ಮಾಡಿಸಿದೆವು” ಎಂದು ಅಷ್ಟೇ ಹೇಳಿದೆ. ಹೇಳುವಾಗ ನನಗೆ ಸ್ವಲ್ಪವೂ ಸುಖವಾಗಲಿಲ್ಲ.

ಆಮೇಲೆ, “ತೆಳ್ಳನೆಯ ಕಾಗದವೇನಾದರೂ ಇದೆಯೇ?” ಎಂದಳು. ಚೀಲದಲ್ಲಿ ಬಸ್ಸಿನ ಟಿಕೀಟಿತ್ತು, ಕೊಟ್ಟೆ. ಅದು ಬೆಸೆದ ಜಾಗದಲ್ಲೇ ನೆತ್ತಿಯ ಸಂದಿಯಲ್ಲಿ ಹೊಕ್ಕು, ಹೊರಗೆ ಹೋಗಿ, ಆಚೆ ಕಡೆ ಹುಲ್ಲಿನ ಮೇಲೆ ಬಿತ್ತು.

ಅವಳು ಇಳಿದು ನನ್ನನ್ನು ಹತ್ತಿಸಿದಳು. ಈ ವಯಸ್ಸಿನಲ್ಲಿ ಸ್ಟೂಲು ಹತ್ತಿದ ನನ್ನ ಅವತಾರವನ್ನು ವರ್ಣಿಸುವುದಿಲ್ಲ. ನೋಡಿದೆ. ಮೌಲಾಸಾಬರ ವೆಲ್ಡಿಂಗು ಉದ್ದಕ್ಕೆ ಸೀಳಿತ್ತು. ಅರ್ಧ ಈ ಪ್ಲೇಟಿನ ಮೇಲೆ. ಅದರ ಜೋಡಿಯ ಅರ್ಧ ಆ ಪ್ಲೇಟಿನ ಮೇಲೆ, ಒಂದು ಬೆರಳು ಪಕ್ಕಕ್ಕೆ ಸರಿದು. ಒಂದು ಕಡೆಯಲ್ಲ, ಬೆಸೆದಲ್ಲೆಲ್ಲ ಹಾಗೇ. ಯಾವುದೋ ಮಳೆಗಾಲದಲ್ಲಿ ನೆಲ ತುಸು ಕುಸಿದಿದೆ, ಪ್ಲೇಟುಗಳು ಅಲುಗಿವೆ, ಬೆಸುಗೆ ಬಿಟ್ಟಿದೆ, ಪ್ಲೇಟುಗಳು ತುದಿಯ ಮೂಲೆಗಳಲ್ಲಷ್ಟೇ ತಾಗಿ, ತಮಗೆ ಬೇಕಾದ ಹಾಗೆ ಮತ್ತೆ ಆನಿಕೊಂಡು ನಿಂತಿವೆ. ಸೀಳಿನೊಳಗೂ ಹಳೆಯ ತುಕ್ಕು ದಪ್ಪಗೆ ಕೂತಿತ್ತು. ಬಿಟ್ಟು ಎಷ್ಟೋ ವರ್ಷಗಳಾಗಿರಬೇಕು. ನಾನು ಅದರ ಕೆಳಗೆ ನಿಂತು ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ವರ್ಷಗಳು.

ಮಿಚಿಕೊ ಅಲ್ಲಿಂದಲೇ ಫೋನಿನಲ್ಲಿ ತಂದೆಯನ್ನು ತೋರಿಸಿದಳು. ದಿಂಬಿನ ಮೇಲೆ ಒಂದು ಪುಟ್ಟ ಮುಖ. ಅವಳು ಜಪಾನಿಯಲ್ಲಿ ಎಲ್ಲ ಹೇಳಿದಳು; ಬೆಸೆದದ್ದು, ಬಿಟ್ಟದ್ದು, ಟಿಕೀಟು ಹಾಯ್ದದ್ದು. ಮುದುಕರು ಏನೋ ಕೇಳಿದರು. “ಬೆಸೆದವರಿಗೆ ಇದು ಗೊತ್ತಾಯಿತೇ, ಅವರಿಗೆ ಬೇಸರವಾಗಲಿಲ್ಲ ತಾನೆ ಎಂದು ಕೇಳುತ್ತಿದ್ದಾರೆ” ಎಂದಳು ಮಗಳು. ಅವರು ತೀರಿಕೊಂಡರೆಂದು ಹೇಳಿದೆ. ಆ ಮುಖ ದಿಂಬಿನ ಮೇಲೆಯೇ ತುಸು ಬಗ್ಗಿತು. ಹೂಂ ಅಲ್ಲ, ಉಹೂಂ ಅಲ್ಲ.

ಪುಟ ಉಳಿಯಿತು. ಮಿಚಿಕೊ ಚೀಲ ಹೆಗಲಿಗೇರಿಸಿ, ಪ್ಲೇಟುಗಳ ನಡುವೆ ಹಾಯ್ದು, ಆಚೆ ಬಿದ್ದಿದ್ದ ಟಿಕೀಟು ಎತ್ತಿಕೊಂಡು, ಬನ್ನಿ ಎಂದು ನನಗೆ ಕೈಮಾಡಿದಳು. ನಾನು ಸೆರಗು ಸರಿಮಾಡಿಕೊಂಡು ಹೊರಟೆ. ಆ ನೆರಳಿನ ಅಂಚಿನ ತನಕ ಹೋದೆ. ಕಾಲು ಏಳಲಿಲ್ಲ. ದಿನಾಲೂ ಹಾಯ್ದ ದಾರಿ. ಮೇಲೆ ಇದ್ದದ್ದು ಅದೇ ಪ್ಲೇಟು, ಅದೇ ಸಂದಿ. ಸುತ್ತು ಹಾಕಿಕೊಂಡು ಹೋದೆ. ಅವಳು ನಗಲಿಲ್ಲ. ತುಂಬ ಸಭ್ಯಳು.

ಇಗೋ, ಪಕ್ಕದವರ ಗೇಟು ಮುಗಿಯಿತೆಂದು ಕಾಣುತ್ತದೆ. ವೆಲ್ಡಿಂಗಿನವನು ಭರ್ಚಿಗಳನ್ನು ಹಿಡಿದು ಅಲ್ಲಾಡಿಸಿ, ಕಿಟಕಿಯಲ್ಲಿ ನಿಂತ ನನ್ನ ಕಡೆ ತಿರುಗಿ ಹೇಳುತ್ತಿದ್ದಾನೆ, “ನೋಡ್ರಿ ಬಾಯಾರ, ಇನ್ನ ಆನಿ ಬಂದು ಎಳದ್ರೂ ಬಿಡಂಗಿಲ್ಲ!”

ನಾಲಿಗೆಯ ತುದಿಯಲ್ಲಿ ಒಳ್ಳೆಯ ಮಾತೊಂದು ಬಂದಿತ್ತು. ನುಂಗಿಕೊಂಡೆ.

“ಆಗ್ಲಿಪಾ,” ಎಂದೆ, “ಆಗ್ಲಿ.”