ಬೇಚರಾಕ್ ಊರಿನ ಕಾಲುದಾರಿ

ಕುಣಿಗಲ್ಲಿನ ನೇತ್ರಾವತಿ ಸಿವಿಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಕ್ಯಾತ್ಸಂದ್ರಕ್ಕೆ ಬಂದವಳು. ಗಂಡ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್. ಅವಳು ತುಮಕೂರಿನ ಒಂದು ಖಾಸಗಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ನಕ್ಷೆ ಮಾಡುತ್ತಾಳೆ. ಉಪಗ್ರಹದ ಚಿತ್ರದಲ್ಲಿ ಕಾಣುವ ಪ್ರತಿ ರಸ್ತೆಗೂ ತಕ್ಕ ಗೆರೆ ಆರಿಸುವುದು ಅವಳ ಕೆಲಸ. ಹೆದ್ದಾರಿಗೆ ದಪ್ಪ ಕೆಂಪು, ಊರಿಂದೂರಿಗೆ ಹೋಗುವ ರಸ್ತೆಗೆ ಹಳದಿ, ಓಡಾಟವಿರುವ ಕಾಲುದಾರಿಗೆ ಕಂದು ತುಂಡುಗೆರೆ, ಜನ ಬಿಟ್ಟ ದಾರಿಗೆ ಬೂದು ಚುಕ್ಕಿ. ಸೀರೆ ಅಂಗಡಿಯಲ್ಲಿ ಅರ್ಧ ದಿನ ಕಳೆಯುವವಳು ಗೆರೆ ಆರಿಸುವಾಗ ಮಾತ್ರ ತಡಮಾಡುವುದಿಲ್ಲ ಎಂದು ಜೊತೆಯವರು ನಗುತ್ತಿದ್ದರು.

ಹೋದ ವರ್ಷ ಗುಬ್ಬಿ ಕಡೆ ಸೋಲಾರ್ ಕಂಪನಿಯೊಂದು ಕೊಂಡ ಜಮೀನಿನ ನಕ್ಷೆ ಮಾಡುವಾಗ ಅವಳ ಕೈ ನಿಂತಿತು. ಕೆರೆ ಏರಿಯಿಂದ ಹೊರಟ ಒಂದು ಕಾಲುದಾರಿ ಬೇಚರಾಕ್ ಊರಿಗೆ, ಅಂದರೆ ಹೆಸರು ಉಳಿದು ಜನ ಉಳಿಯದ ಊರಿಗೆ, ಹೋಗಿ ಮುಗಿಯುತ್ತಿತ್ತು. ಅಲ್ಲಿ ಮನೆಯಿಲ್ಲ, ಹೊಲವಿಲ್ಲ. ಹಳೆಯ ಚಿತ್ರಗಳನ್ನೂ ತೆರೆದು ನೋಡಿದಳು. ಸುತ್ತಲಿನ ದಾರಿಗಳೆಲ್ಲ ಜಾಲಿಯಲ್ಲಿ ಮುಚ್ಚಿಹೋಗಿದ್ದವು. ಇದೊಂದು ಮಾತ್ರ ಬೆಳ್ಳಗೆ ಸವೆದಿತ್ತು.

“ಬೂದು ಚುಕ್ಕಿ ಹಾಕಮ್ಮ, ಕಂಪನಿಯೋರು ಅಡ್ಡ ಬೇಲಿ ಹಾಕ್ಕೋತಾರೆ,” ಎಂದರು ಮಾಲೀಕ ಜಯಪ್ರಕಾಶ್.

“ಒಂದ್ಸಲ ನೋಡ್ಕೊಂಡ್ ಬರ್ತೀನಿ ಸಾರ್.”

ಸರ್ವೆ ಮಾಡುವ ಅಂಜನ್‌ಕುಮಾರನ ಬೈಕಿನಲ್ಲಿ ಹೋದಳು. ಏರಿಯ ಮೇಲೆ ಹೊಂಬಾಳಮ್ಮ ಎಂಬ ಮುದುಕಿ ಮೇಕೆ ಮೇಯಿಸುತ್ತಿದ್ದಳು.

“ಅಜ್ಜಿ, ಈ ದಾರೀಲಿ ಯಾರ್ ಓಡಾಡ್ತಾರೆ?”

“ನಾವ್ಯಾರೂ ಓಡಾಡಲ್ಲ ಕಣವ್ವ. ಮಾರಿಬ್ಯಾನೆ ಬಂದಾಗ ಆ ಊರ್ನೋರು ಮನೆ ಬುಟ್ಟು ಹೊಂಟ್ರಂತೆ. ದಾರೀಲೇ ಸತ್ರಂತೆ.”

“ಮತ್ತೆ ಹುಲ್ಲು ಯಾಕೆ ಬೆಳ್ದಿಲ್ಲ?”

ಮುದುಕಿ ಮೇಕೆಗಳತ್ತ ಮುಖ ತಿರುಗಿಸಿದಳು. “ಬರೋರು ಬತ್ತಾವ್ರಲ್ಲವ್ವ, ಅದ್ಕೆ.”

ಅಂಜನ್‌ಕುಮಾರ ಬೈಕ್ ಬಿಟ್ಟು ಕದಲಲಿಲ್ಲ. ನೇತ್ರಾವತಿ ಒಬ್ಬಳೇ ನಡೆದಳು. ನೆತ್ತಿ ಸುಡುವ ಬಿಸಿಲು. ಹಿಟ್ಟಿನಂಥ ಧೂಳಿನಲ್ಲಿ ಬರಿಗಾಲಿನ ಗುರುತುಗಳಿದ್ದವು. ದೊಡ್ಡವು, ಚಿಕ್ಕವು, ಎಲ್ಲವೂ ಊರಿನ ಕಡೆಗೆ. ಹಿಂದಿರುಗಿದ ಹೆಜ್ಜೆ ಒಂದೂ ಇರಲಿಲ್ಲ. ದಾರಿಯ ಕೊನೆಯಲ್ಲಿ ಗೋಡೆಗಳಿಲ್ಲದ ಹೊಸ್ತಿಲುಗಲ್ಲುಗಳು. ಒಂದೊಂದು ಹೊಸ್ತಿಲಿಗೂ ಹೆಜ್ಜೆಗಳು ಹೋಗಿ ಅಲ್ಲೇ ನಿಂತಿದ್ದವು. ಎಲ್ಲಿಂದಲೋ ಮುದ್ದೆ ಬೇಯುವ ವಾಸನೆ ಬಂತು. ಯಾವಾಗ ಚಪ್ಪಲಿ ಕಳಚಿದಳೋ ಅವಳಿಗೇ ತಿಳಿಯಲಿಲ್ಲ.

ಬೇಗನೆ ಚಪ್ಪಲಿ ಮೆಟ್ಟಿಕೊಂಡು ತಿರುಗಿದಳು. ಬರುವಾಗ ಮೂಡಿದ್ದ ಅವಳ ಚಪ್ಪಲಿ ಗುರುತಿನ ಪಕ್ಕದಲ್ಲೇ, ಅಷ್ಟುದ್ದಕ್ಕೂ, ಒಂದು ಮಗುವಿನ ಪುಟ್ಟ ಹೆಜ್ಜೆಗಳಿದ್ದವು. ಕೈ ಹಿಡಿದುಕೊಂಡು ನಡೆದಷ್ಟು ಹತ್ತಿರ. ಅವಳು ಓಡಲಿಲ್ಲ. ಆ ಹೆಜ್ಜೆಗಳನ್ನು ತುಳಿಯದಂತೆ ದಾರಿಯ ಅಂಚಿನಲ್ಲಿ, ಮುಳ್ಳಿನಿಂದ ಪರಚಿಸಿಕೊಂಡು ಏರಿಗೆ ಬಂದಳು.

ಮರುದಿನ ಕಂದು ತುಂಡುಗೆರೆ ಎಳೆದಳು.

“ಓಡಾಟ ಇದೆಯೇನಮ್ಮ?” ಎಂದರು ಜಯಪ್ರಕಾಶ್.

“ಇದೆ ಸಾರ್.”

“ಯಾರು?”

“ಆ ಊರ್ನೋರು.”

ಅವರು ಅವಳ ಮುಖ ನೋಡಿದರು. ನಕ್ಷೆಗೆ ಒಪ್ಪಿಗೆ ಕೊಟ್ಟರು.

ನಕ್ಷೆಯಲ್ಲಿ ದಾರಿ ಇದ್ದುದರಿಂದ ಕಂಪನಿಯವರು ಬೇಲಿಯಲ್ಲಿ ಜಾಗ ಬಿಟ್ಟರು. ಬೇಲಿಯ ಕೆಲಸ ಮುಗಿದ ಮೇಲೆ ಅಳತೆಗೆ ಹೋದ ಅಂಜನ್‌ಕುಮಾರ ಅಲ್ಲಿಂದಲೇ ಫೋನ್ ಮಾಡಿದ. “ಅಕ್ಕಾ, ಇಲ್ಲಿನ್ ಕೆಲಸದೋರು ದಾರಿ ದಾಟೋವಾಗ ಸುಮ್ನೆ ನಿಂತ್ಕೋತಾರೆ. ಯಾರ್ಗೋ ಜಾಗ ಬಿಟ್ಟಂಗೆ. ಕೇಳಿದ್ರೆ, ನಿಂತಿದ್ವಾ ಅಂತ ನನ್ನೇ ಕೇಳ್ತಾರೆ.”

“ನೀನೂ ನಿಂತ್ಕೋ,” ಎಂದಳು ನೇತ್ರಾವತಿ.

“ನಿಂತಿದೀನಕ್ಕ,” ಎಂದ ಅವನು, ದನಿ ತಗ್ಗಿಸಿ. “ಇನ್ನೂ ಹೋಗ್ತಾನೇ ಅವ್ರೆ.”